ಸೋರದ ಸೂರಿನ ಸಾಕ್ಷಿ

ಗಾರೆ ಕೆಲಸದವನೊಬ್ಬ ತೀರಿಕೊಂಡಾಗ ಹತ್ತಿರದವರು ಅವನನ್ನು ಕುರಿತು ಆಡುವ ಮಾತು ಹೆಚ್ಚು ಬೆಳೆಯುವುದಿಲ್ಲ. ಮೈಮುರಿದು ದುಡಿದ, ಹೆಂಡತಿ ಮಕ್ಕಳನ್ನು ಸಾಕಿದ, ಮಗಳ ಮದುವೆ ಮಾಡಿದ, ಯಾರ ತಂಟೆಗೂ ಹೋದವನಲ್ಲ. ಇಷ್ಟು ಹೇಳಿ ನಿಲ್ಲಿಸಿದವರಿಗೇ ಎಲ್ಲೋ ಕಡಿಮೆಯಾಯಿತು ಅನ್ನಿಸುತ್ತದೆ. ಇನ್ನೊಂದು ಮಾತು ಸೇರಿಸೋಣವೆಂದು ತಡಕಾಡುತ್ತಾರೆ, ಸಿಕ್ಕುವುದಿಲ್ಲ. ಊರ ಗೌಡ ಸತ್ತರೆ ಅವನು ಕಟ್ಟಿಸಿದ ಗುಡಿ ಇದೆ, ಮೇಷ್ಟ್ರು ಸತ್ತರೆ ಶಿಷ್ಯರಿದ್ದಾರೆ, ರಾಜಕಾರಣಿ ಸತ್ತರೆ ಒಂದು ರಸ್ತೆಯ ಹೆಸರಾದರೂ ಬದಲಾಗುತ್ತದೆ. ಮೂವತ್ತು ನಲವತ್ತು ವರ್ಷ ಬೇರೆಯವರ ಮನೆಗೆ ಗೋಡೆ ಎಬ್ಬಿಸಿದವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲವೋ, ಇದ್ದುದನ್ನು ನೆನೆಯುವ ಬಗೆಯೇ ನಮಗೆ ತಿಳಿಯದೋ? ಎರಡನೆಯದೇ ನಿಜ ಎಂಬುದು ನನ್ನ ವಾದ. ಇದನ್ನು ಸಾಮಾಜಿಕ ಅನ್ಯಾಯವೆಂದಷ್ಟೇ ನೋಡಿದರೆ ಅರ್ಧ ಕೈಬಿಟ್ಟಂತೆ. ಒಂದು ಬದುಕಿನ ಒಳಿತು ನಮ್ಮ ಅರಿವಿಗೆ ಬರುವುದು ಹೇಗೆ ಎಂಬ ಪ್ರಶ್ನೆ ಇದರ ಅಡಿಯಲ್ಲಿದೆ. ಸತ್ತವರಿಗೆ ಬದುಕಿರುವವರು ಸಲ್ಲಿಸಬೇಕಾದ್ದೇನು ಎಂಬ ಧರ್ಮದ ಪ್ರಶ್ನೆ ಅದರ ಬೆನ್ನಿಗಿದೆ.

ಹೆಸರು ಉಳಿದರೆ ನೆನಪು ಉಳಿದಂತೆ ಎಂದು ಯಾರಾದರೂ ಹೇಳಬಹುದು. ಆ ನಂಬಿಕೆಯನ್ನು ಒರೆಗೆ ಹಚ್ಚಲು ಕನ್ನಡ ನಾಡಿನ ಕಲ್ಲುಗಳೇ ಸಾಕು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎಂಟನೇ ಶತಮಾನದಲ್ಲಿ ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಕಟ್ಟಿದ ಗುಂಡನಿಗೆ ಅನಿವಾರಿತಾಚಾರಿ ಎಂಬ ಬಿರುದಿದ್ದುದನ್ನು ಅಲ್ಲಿನ ಶಾಸನ ಹೇಳುತ್ತದೆ. ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲಿದೆ. ಹನ್ನೆರಡನೇ ಶತಮಾನದ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದರು. ಮುಂದಿನ ಶತಮಾನದ ಮಲ್ಲಿತಮ್ಮ ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಮತ್ತೆ ಮತ್ತೆ ಸಹಿ ಹಾಕಿದ್ದಾನೆ. ಈ ಸಹಿಗಳನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆದರೆ ಮಲ್ಲಿತಮ್ಮನ ಬಗ್ಗೆ ನಮಗೆ ತಿಳಿದಿರುವುದಾದರೂ ಏನು? ಅವನ ಉಳಿಯ ಪರಿಚಯವಿದೆ, ಅವನ ಒಲೆಯ ಪರಿಚಯವಿಲ್ಲ. ಮನೆಯಲ್ಲಿ ಯಾರಿದ್ದರು, ತಿಂಗಳುಗಟ್ಟಲೆ ಹೊರಗಿದ್ದಾಗ ಅವರು ಹೇಗೆ ಕಾಲ ತಳ್ಳಿದರು, ಯಾವುದಕ್ಕೂ ಉತ್ತರವಿಲ್ಲ. ಸಹಿ ಹಾಕಿದವರಾದರೂ ಮೂರ್ತಿ ಕಡೆದ ನಿಪುಣರು. ಬಳಪದ ಕಲ್ಲನ್ನು ನೆಲದಿಂದ ಎಬ್ಬಿಸಿ ತಂದು ಜಗತಿಯ ಮಟ್ಟಕ್ಕೇರಿಸಿದ ಆಳುಗಳಿಗೆ ಆ ಭಾಗ್ಯವೂ ಬರಲಿಲ್ಲ. ಹತ್ತಿರದ ಕಾಲಕ್ಕೆ ಬಂದರೂ ಕತೆ ಬೇರೆಯಾಗುವುದಿಲ್ಲ. ವಿಧಾನಸೌಧಕ್ಕೆ 1951ರಲ್ಲಿ ಅಡಿಗಲ್ಲಿಟ್ಟ ನೆಹರೂ ಗೊತ್ತು, ಕಟ್ಟಿಸಿದ ಕೆಂಗಲ್ ಹನುಮಂತಯ್ಯ ಗೊತ್ತು. ಕಲ್ಲು ಕಟೆದ ಸಾವಿರಾರು ಮಂದಿಯಲ್ಲಿ ಜೈಲಿನ ಕೈದಿಗಳೂ ಇದ್ದರು. ಒಬ್ಬರ ಹೆಸರೂ ನಮ್ಮ ಬಾಯಿಗೆ ಬರುವುದಿಲ್ಲ. ಸರ್ಕಾರದ ಕೆಲಸ ದೇವರ ಕೆಲಸ ಎಂದು ಅದರ ಹಣೆಯ ಮೇಲೆ ಬರೆದದ್ದು ಒಳಗೆ ಕುರ್ಚಿಯಲ್ಲಿ ಕೂರುವವರಿಗೆ ಹೇಳಿದ ಬುದ್ಧಿಮಾತು. ಆ ಅಕ್ಷರ ಕೊರೆದವನ ಕೆಲಸ ಯಾರ ಕೆಲಸವೆಂದು ಯಾರೂ ಕೇಳಲಿಲ್ಲ.

ಇದಕ್ಕೆ ತೀರ ಎದುರಾಗಿ ನಿಲ್ಲುವವನು ಜಕಣಾಚಾರಿ. ಅವನಿದ್ದನೆಂದು ಖಚಿತವಾಗಿ ಹೇಳುವ ಶಾಸನ ಸಿಕ್ಕಿಲ್ಲ, ಆದರೂ ಕನ್ನಡಿಗರೆಲ್ಲರಿಗೂ ಅವನ ಬದುಕು ಗೊತ್ತು. ಹೆಂಡತಿಯನ್ನು ಊರಲ್ಲಿ ಬಿಟ್ಟು ಕೆಲಸ ಹುಡುಕಿಕೊಂಡು ಹೋದ. ಬೆನ್ನ ಹಿಂದೆ ಹುಟ್ಟಿದ ಮಗ ಅಪ್ಪನ ಮುಖ ಕಾಣದೆ ಬೆಳೆದ. ಅಪ್ಪನನ್ನು ಹುಡುಕುತ್ತ ಬೇಲೂರಿಗೆ ಬಂದ ಡಂಕಣ, ತನ್ನ ಅಪ್ಪನೆಂದು ತಿಳಿಯದೆಯೇ ಅವನ ವಿಗ್ರಹದ ಹೊಕ್ಕುಳಲ್ಲಿ ದೋಷವಿದೆಯೆಂದು ತೋರಿಸಿದ. ಕಲ್ಲಿನೊಳಗಿಂದ ಕಪ್ಪೆ ಹೊರಬಿತ್ತು, ದೋಷ ತೋರಿಸಿದರೆ ಕೈ ಕಡಿದುಕೊಳ್ಳುವೆನೆಂದಿದ್ದ ಅಪ್ಪ ಮಾತಿಗೆ ತಪ್ಪದೆ ಕೈ ಕಡಿದುಕೊಂಡ. ತುಮಕೂರಿನ ಹತ್ತಿರದ ಕೈದಾಳದಲ್ಲಿ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತೆಂದು ಐತಿಹ್ಯ. ಸರ್ಕಾರ ಜನವರಿ 1ರಂದು ಅವನ ಸಂಸ್ಮರಣಾ ದಿನ ಆಚರಿಸುತ್ತದೆ. ಇತಿಹಾಸಕಾರರು ಇದನ್ನು ಕಟ್ಟುಕತೆಯೆಂದು ಬದಿಗಿಟ್ಟರೆ ಅವರ ಮಟ್ಟಿಗೆ ಸರಿಯೇ. ನನಗೆ ಮುಖ್ಯವಾಗಿ ಕಾಣುವುದು, ಇಲ್ಲದ ಬದುಕೊಂದನ್ನು ಕಲ್ಪಿಸಿಕೊಳ್ಳುವಾಗ ಜನ ಏನನ್ನು ಕಲ್ಪಿಸಿಕೊಂಡರು ಎಂಬುದು. ಅವರು ಕಲ್ಪಿಸಿದ್ದು ರಾಜಮನ್ನಣೆಯ ಮೆರವಣಿಗೆಯನ್ನಲ್ಲ, ಕಟ್ಟುವ ಕೆಲಸಕ್ಕೆ ಮನೆ ತೆತ್ತ ಬೆಲೆಯನ್ನು. ಶಾಸನದಲ್ಲಿ ಕೆಲಸವಿತ್ತು, ಸಂಸಾರವಿರಲಿಲ್ಲ. ಜನ ಆ ಕೊರೆಯನ್ನು ತುಂಬಿದರು. ಸುಳ್ಳು ಸಾಮಗ್ರಿಯಿಂದ ತುಂಬಿದರೂ ಎಲ್ಲಿ ತುಂಬಬೇಕೆಂಬುದು ಅವರಿಗೆ ಸರಿಯಾಗಿ ಗೊತ್ತಿತ್ತು. ಹಾಗಾದರೆ ಹೆಸರೊಂದೇ ಸಾಲದು, ಕೆಲಸವನ್ನೂ ಮನೆಯನ್ನೂ ಒಟ್ಟಿಗೆ ಹಿಡಿಯುವ ತಿಳಿವಳಿಕೆ ಬೇಕು ಎಂದಾಯಿತು. ಅಂಥ ತಿಳಿವಳಿಕೆ ಇಷ್ಟು ಅಪರೂಪವಾದದ್ದು ಏಕೆ?

ಕಾರಣ ಈ ಕೆಲಸದ ಸ್ವಭಾವದಲ್ಲೇ ಇದೆ. ಮೋಲ್ಡ್ ಹಾಕುವ ದಿನ ಸೆಂಟ್ರಿಂಗ್ ಹಲಗೆಯ ಮೇಲೆ ಕಬ್ಬಿಣ ಹೆಣೆದಿರುತ್ತಾರೆ. ಕಂಬಿ ಹಲಗೆಗೆ ತಾಗದಂತೆ ಅಡಿಯಲ್ಲಿ ಸಣ್ಣ ಕವರ್ ಬ್ಲಾಕುಗಳನ್ನು ಇಡಬೇಕು. ಇಡದಿದ್ದರೂ ಆ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ. ಕಾಂಕ್ರೀಟ್ ಸುರಿದ ಮೇಲೆ ಎಲ್ಲ ಮುಚ್ಚಿಹೋಗುತ್ತದೆ, ಪ್ಲಾಸ್ಟರ್ ಬಳಿದರೆ ಇನ್ನಷ್ಟು ಮುಚ್ಚುತ್ತದೆ. ಎಷ್ಟೋ ವರ್ಷದ ಮೇಲೆ ತೇವ ಇಳಿದು ಕಂಬಿ ತುಕ್ಕು ಹಿಡಿದು ಉಬ್ಬಿ, ಚಾವಣಿಯ ಚಕ್ಕೆ ಕಳಚಿ ಬಿದ್ದಾಗ ಗೊತ್ತಾಗುತ್ತದೆ. ಕ್ಯೂರಿಂಗ್ ಕೂಡ ಅಂಥದ್ದೇ. ಕಡಿಮೆಯೆಂದರೂ ಒಂದು ವಾರ ಕಾಂಕ್ರೀಟನ್ನು ಒದ್ದೆಯಾಗಿಡಬೇಕು. ಅದರ ಬಲವನ್ನು ಎಂಜಿನಿಯರುಗಳು ಲೆಕ್ಕ ಹಿಡಿಯುವುದು 28ನೇ ದಿನಕ್ಕೆ. ಹೊತ್ತುಹೊತ್ತಿಗೆ ಹೋಗಿ ನೀರು ಬಿಟ್ಟವನ ನಿಯತ್ತು ಆ ಮನೆಯಲ್ಲಿ ಎಲ್ಲಿ ಕಾಣುತ್ತದೆ? ಗೋಡೆ ಬಿರುಕು ಬಿಡಲಿಲ್ಲ, ಸೂರು ಸೋರಲಿಲ್ಲ, ಬಾಲ್ಕನಿ ಕುಸಿಯಲಿಲ್ಲ. ಕೆಟ್ಟ ಕೆಲಸಕ್ಕೆ ದಿನಾಂಕವಿರುತ್ತದೆ, ಪಂಚನಾಮೆ ಇರುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಒಳ್ಳೆಯ ಕೆಲಸ ಏನೂ ಆಗದೆ ಹೋದ ದಿನಗಳಾಗಿ ಉಳಿಯುತ್ತದೆ. ಸಂಸಾರ ತೂಗಿಸಿದವನ ಒಳಿತೂ ಬಹುಮಟ್ಟಿಗೆ ಇದೇ ರೂಪದ್ದು. ಮಗಳನ್ನು ಶಾಲೆ ಬಿಡಿಸಲಿಲ್ಲ, ಬಡ್ಡಿಯವನು ಬಾಗಿಲಿಗೆ ಬರಲಿಲ್ಲ, ಬಟವಾಡೆಯ ಶನಿವಾರ ಪೂರ್ತಿ ದುಡ್ಡು ಮನೆ ಮುಟ್ಟದೆ ಹೋಗಲಿಲ್ಲ. ಮನೆಯವರು ತಡಕಾಡಿದರೂ ಮಾತು ಸಿಗದಿರುವುದಕ್ಕೆ ಕಾರಣ ಇಲ್ಲಿದೆ. ನಮ್ಮ ನೆನಪು ಘಟನೆಗಳಿಗೆ ಜೋತುಬೀಳುವಂಥದ್ದು. ಅವನ ಇಡೀ ಪುರುಷಾರ್ಥ ಕೆಲವು ಘಟನೆಗಳನ್ನು ನಡೆಯಗೊಡದಿರುವುದರಲ್ಲಿತ್ತು.

ಇಲ್ಲದಿರುವುದನ್ನು ಅರಿಯಲು ಸಾಧ್ಯವೇ ಎಂಬುದು ನಮ್ಮ ದರ್ಶನಗಳಲ್ಲಿ ಹಳೆಯ ಜಗಳ. ಕುಮಾರಿಲ ಭಟ್ಟನ ಮೀಮಾಂಸೆ ಸಾಧ್ಯವೆಂದಿತು. ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಅನುಪಲಬ್ಧಿಯೆಂಬ ಬೇರೆಯದೇ ಪ್ರಮಾಣವನ್ನು ಒಪ್ಪಿತು, ಅದ್ವೈತಿಗಳೂ ಅದನ್ನು ಸ್ವೀಕರಿಸಿದರು. ನೆಲದ ಮೇಲೆ ಗಡಿಗೆಯಿಲ್ಲ ಎಂಬುದು ಸಹ ಅರಿವೇ, ಬರಿ ಅರಿವಿನ ಕೊರತೆಯಲ್ಲ. ಮೀಮಾಂಸೆಯ ಇನ್ನೊಂದು ಪಂಥದವರಾದ ಪ್ರಾಭಾಕರರು ಇದನ್ನು ಒಪ್ಪಲಿಲ್ಲ. ಬರಿಯ ನೆಲ ಕಂಡದ್ದಷ್ಟೇ ಸಾಕು, ಇಲ್ಲದಿರುವಿಕೆಗೆ ಬೇರೊಂದು ಲೆಕ್ಕ ಏಕೆ ಎಂದರು. ಈ ವಾದದಲ್ಲಿ ಭಟ್ಟ ಮತ ಹಾಕಿದ ಒಂದು ಷರತ್ತು ನಮಗೆ ಬೇಕಾದದ್ದು. ಕಾಣದ್ದೆಲ್ಲ ಇಲ್ಲವೆಂದು ಹೇಳುವಂತಿಲ್ಲ. ಇದ್ದಿದ್ದರೆ ಕಂಡೇ ಕಾಣಬೇಕಿತ್ತು ಎನ್ನುವಂಥ ಸ್ಥಿತಿಯಲ್ಲಿ ನೋಡುವವನಿರಬೇಕು. ಕತ್ತಲಲ್ಲಿ ನಿಂತವನು ಗಡಿಗೆಯಿಲ್ಲವೆಂದರೆ ಅದು ಜ್ಞಾನವಲ್ಲ. ಕುಮಾರಿಲ ಕೃತಜ್ಞತೆಯ ಬಗ್ಗೆ ಹೇಳುತ್ತಿರಲಿಲ್ಲ, ನಾನು ಅವನ ಮಾತನ್ನು ಅವನು ಬಿಟ್ಟ ಜಾಗದಿಂದಾಚೆ ಎಳೆಯುತ್ತಿದ್ದೇನೆ. ಆದರೆ ಎಳೆತವನ್ನು ಅದು ತಡೆದುಕೊಳ್ಳುತ್ತದೆ. ಚಾವಣಿ ಹೇಗೆ ಕುಸಿಯುತ್ತದೆಂದು ತಿಳಿಯದವನಿಗೆ ಅದು ಕುಸಿಯದೆ ನಿಂತಿರುವುದು ಕಾಣುವುದಿಲ್ಲ. ಅವನ ಪಾಲಿಗೆ ಅದು ಬರೀ ಚಾವಣಿ. ಪ್ರಾಭಾಕರರು ಹೇಳಿದಂತೆ ಬರಿಯ ನೆಲವನ್ನಷ್ಟೇ ನೋಡುತ್ತಾನೆ. ಕಟ್ಟುವ ಕೆಲಸಗಾರನ ಬದುಕನ್ನು ನೆನೆಯುವುದು ಭಾವುಕತೆಯ ವಿಷಯವಾಗುವ ಮೊದಲು ತಿಳಿವಳಿಕೆಯ ವಿಷಯ. ಕೆಲಸ ಗೊತ್ತಿರಬೇಕು, ಅದು ಕೆಟ್ಟರೆ ಏನಾಗುತ್ತಿತ್ತೆಂದು ಗೊತ್ತಿರಬೇಕು. ಆಗ ಮಾತ್ರ ಕಣ್ಣೆದುರಿನ ನೇರ ಗೋಡೆ ಒಬ್ಬನ ನಡತೆಗೆ ಸಾಕ್ಷಿಯಾಗುತ್ತದೆ. ಗೋಡೆ ನಿಂತದ್ದು ಒಬ್ಬನಿಂದಲ್ಲವಲ್ಲ, ಎಂಜಿನಿಯರನ ಲೆಕ್ಕವಿತ್ತು, ಸಿಮೆಂಟು ಒಳ್ಳೆಯದಿತ್ತು ಎಂದು ಹೇಳಬಹುದು. ಹೌದು. ಆದರೆ ಪಾಲು ಹಂಚುವುದು ಕೋರ್ಟಿನ ಕೆಲಸ. ನೆನಪಿಗೆ ಅಷ್ಟು ಕರಾರುವಾಕ್ಕು ಬೇಕಿಲ್ಲ.

ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಕೂಲಿ ಕೊಟ್ಟಾಯಿತಲ್ಲ, ಇನ್ನೇನು ಬಾಕಿ? ಇದನ್ನು ಜಿಪುಣರ ಮಾತೆಂದು ಹಗುರಾಗಿ ತೆಗೆಯುವಂತಿಲ್ಲ, ಇದರ ಹಿಂದೆಯೂ ಮೀಮಾಂಸೆಯಿದೆ. ಯಜ್ಞದಲ್ಲಿ ಮಂತ್ರ ಹೇಳುವವರು, ಆಹುತಿ ಹಾಕುವವರು ಋತ್ವಿಜರು. ಫಲ ಮಾತ್ರ ಯಜಮಾನನಿಗೆ. ಏಕೆಂದರೆ ದಕ್ಷಿಣೆ ಕೊಟ್ಟು ಅವರ ಶ್ರಮವನ್ನು ಅವನು ಕೊಂಡಿದ್ದಾನೆ, ಸ್ವರ್ಗ ಬಯಸಿದವನೂ ಅವನೇ ಎಂದು ಜೈಮಿನಿಯ ಪರಂಪರೆ ತೀರ್ಮಾನಿಸಿತು. ಗುಡಿ ಕಟ್ಟಿಸಿದ ರಾಣಿಗೆ ಪುಣ್ಯ, ಕಟ್ಟಿದವನಿಗೆ ಕೂಲಿ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಮರ್ಥನೆ ಸಿಗದು. ನಾನು ಇದನ್ನು ಪೂರ್ತಿಯಾಗಿ ಒಪ್ಪಿಯೂ ನನ್ನ ಮಾತನ್ನು ಉಳಿಸಿಕೊಳ್ಳಬಲ್ಲೆ. ಶ್ರಮವನ್ನು ಮಾರಬಹುದು, ಫಲವನ್ನೂ ಮಾರಬಹುದು. ಮಾಡಿದ್ದು ತಾನು ಎಂಬ ಸಂಗತಿಯನ್ನು ಮಾರಲಾಗದು. ಋತ್ವಿಜನ ಫಲ ಯಜಮಾನನಿಗೆ ಹೋದರೂ ಮಂತ್ರ ಹೇಳಿದವನು ಯಜಮಾನನೇ ಎಂದು ಯಾವ ಮೀಮಾಂಸಕನೂ ಹೇಳಲಿಲ್ಲ. ಕೂಲಿ ಕೊಟ್ಟವನಿಗೆ ಮನೆ ಸಿಕ್ಕಿತು, ಮನೆ ಕಟ್ಟಿದವನಾರೆಂಬುದನ್ನು ಅಳಿಸುವ ಹಕ್ಕು ಸಿಕ್ಕಲಿಲ್ಲ. ನಮ್ಮ ಕಾನೂನಿನಲ್ಲಿ ಈ ಸಂಗತಿ ವಿಚಿತ್ರ ರೀತಿಯಲ್ಲಿ ತಲೆಯೆತ್ತುತ್ತದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕೇಂದ್ರದ ಕಾಯ್ದೆ 18ರಿಂದ 60 ವರ್ಷದೊಳಗಿನ ಕೆಲಸಗಾರನಿಗೆ ಕಲ್ಯಾಣ ನಿಧಿಯ ಸೌಲಭ್ಯ ಕೊಟ್ಟಿತು, ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನವಾದರೂ ದುಡಿದಿರಬೇಕೆಂಬ ಷರತ್ತಿನ ಮೇಲೆ. ದುಡಿದದ್ದಕ್ಕೆ ಬೇರೊಬ್ಬರ ದೃಢೀಕರಣ ತರಬೇಕು. ಇಂದು ಈ ಗುತ್ತಿಗೆದಾರ, ನಾಳೆ ಆ ಮೇಸ್ತ್ರಿ ಎಂದು ಅಲೆಯುವವನಿಗೆ ಈ ಕಾಗದ ಸುಲಭಕ್ಕೆ ಸಿಗುವುದಿಲ್ಲ. ಎದುರಿಗೆ ನಾಲ್ಕು ಮಹಡಿ ಎದ್ದು ನಿಂತಿದ್ದರೂ ಅದು ಅವನ ಪರವಾಗಿ ಸಾಕ್ಷಿ ಹೇಳುವಂತಿಲ್ಲ.

ಕೂಲಿಯಲ್ಲೇ ಎಲ್ಲ ತೀರಿತು ಎಂದವರು ನಿಜಕ್ಕೂ ಹಾಗೆ ನಂಬಿದ್ದರೇ ಎಂಬುದು 2020ರ ಮೇ ತಿಂಗಳಲ್ಲಿ ಪರೀಕ್ಷೆಗೆ ಬಂತು. ಲಾಕ್‌ಡೌನಿನಲ್ಲಿ ಕೆಲಸ ನಿಂತು, ಕೂಲಿ ನಿಂತು, ಕಾರ್ಮಿಕರು ಊರಿಗೆ ಹೊರಟಿದ್ದರು. ಕಟ್ಟಡ ಉದ್ಯಮದವರೊಂದಿಗೆ ಮಾತುಕತೆಯಾದ ಬೆನ್ನಿಗೇ ರಾಜ್ಯ ಸರ್ಕಾರ ಕಾರ್ಮಿಕರಿಗಾಗಿ ಓಡಬೇಕಿದ್ದ ವಿಶೇಷ ರೈಲುಗಳು ಬೇಡವೆಂದು ರೈಲ್ವೆಗೆ ತಿಳಿಸಿತು. ಟೀಕೆಯ ಸುರಿಮಳೆಯಾದ ಮೇಲೆ ಒಂದೆರಡು ದಿನದಲ್ಲಿ ನಿಲುವು ಬದಲಿಸಿತು. ಬಿಡಿ ಕೂಲಿಯ ಸಂಬಂಧವೇ ಎಲ್ಲವಾಗಿದ್ದರೆ ಕೆಲಸವಿಲ್ಲದ ದಿನ ಅವನನ್ನು ಹಿಡಿದಿಡುವ ಮಾತು ಏಳಬಾರದಿತ್ತು. ಎದ್ದಿತು, ಏಕೆಂದರೆ ಅವನಿಲ್ಲದೆ ಊರು ಬೆಳೆಯದೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಲೆಕ್ಕಕ್ಕೆ ಬಾರದ್ದು, ಅವನಿಗೊಂದು ಮನೆಯಿದೆ ಎಂಬುದು. ಬಿಹಾರ, ಒಡಿಶಾಗಳ ಮಾತು ಹಾಗಿರಲಿ, ಯಾದಗಿರಿ ರಾಯಚೂರುಗಳಿಂದ ಗುಳೆ ಬಂದವನ ಸ್ಥಿತಿಯೂ ಇದೇ: ನಗರಕ್ಕೆ ಅವನ ಕೈ ಗೊತ್ತು, ಮನೆ ಗೊತ್ತಿಲ್ಲ, ಊರಿನ ಮನೆಗೆ ಅವನು ಕಳಿಸಿದ ದುಡ್ಡು ಗೊತ್ತು, ಅವನು ಕಟ್ಟಿದ ಒಂದು ಗೋಡೆಯೂ ಗೊತ್ತಿಲ್ಲ. ಅಪ್ಪನ ಕೆಲಸವನ್ನು ಕಾಣದೆ ಬೆಳೆಯುವ ಡಂಕಣರು ಇಂದು ಸಾವಿರಗಟ್ಟಲೆ ಇದ್ದಾರೆ. ದಾಸೋಜ ಮತ್ತು ಚಾವಣ ಒಂದೇ ಗುಡಿಯ ಕಲ್ಲಿನ ಮೇಲೆ ಬಗ್ಗಿ ದುಡಿದದ್ದು ಇವತ್ತಿನ ಕಣ್ಣಿಗೆ ಅಸೂಯೆ ಹುಟ್ಟಿಸುವಂಥ ಭಾಗ್ಯ.

ಎರಡನೆಯ ಆಕ್ಷೇಪ ಹೆಚ್ಚು ಆಧ್ಯಾತ್ಮಿಕವಾದದ್ದು. ಫಲದ ಆಸೆಯಿಲ್ಲದೆ ಕರ್ಮ ಮಾಡು ಎಂದು ಗೀತೆ ಹೇಳಿತು, ಕಾಯಕದಲ್ಲೇ ದೇವರನ್ನು ಕಾಣು ಎಂದು ಶರಣರು ಹೇಳಿದರು. ಹೀಗಿರುವಾಗ ಹೆಸರು, ನೆನಪು, ಮನ್ನಣೆ ಎಂದು ಹಂಬಲಿಸುವುದೇ ತಪ್ಪಲ್ಲವೇ? ನಿಲ್ಲುವುದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂಬ ಭಾವ ಬಸವಣ್ಣನದು; ಗೋಡೆಗೆ ಹೆಸರು ಅಂಟಿಸಿ ಏನು ಪ್ರಯೋಜನ? ಇಲ್ಲಿ ಎರಡು ಜಾಗ ಅದಲುಬದಲಾಗಿವೆ. ಫಲತ್ಯಾಗವೆಂಬುದು ಕೆಲಸ ಮಾಡುವವನ ವ್ರತ. ಫಲ ಉಣ್ಣುವವನಿಗೆ ಕೊಟ್ಟ ರಿಯಾಯಿತಿಯಲ್ಲ. ಕರ್ಮಯೋಗವನ್ನು ಹೇಳುವ ಗೀತೆಯ ಮೂರನೆಯ ಅಧ್ಯಾಯವೇ, ದೇವತೆಗಳು ಕೊಟ್ಟದ್ದನ್ನು ಮರಳಿ ಸಲ್ಲಿಸದೆ ಉಣ್ಣುವವನನ್ನು ಕಳ್ಳನೆಂದು ಕರೆಯಲು ಹಿಂಜರಿಯುವುದಿಲ್ಲ. ಕೆಲಸಗಾರ ನೆನಪನ್ನು ಬಯಸದಿದ್ದರೆ ಅದು ಅವನ ದೊಡ್ಡತನ, ಆ ದೊಡ್ಡತನವನ್ನು ನಮ್ಮ ಮರೆವಿಗೆ ನೆಪ ಮಾಡಿಕೊಂಡರೆ ಸಣ್ಣತನ ನಮ್ಮದು. ಕಾಯಕದ ಮಾತನ್ನಂತೂ ಕಚೇರಿಯ ಗೋಡೆಗೆ ನೇತುಹಾಕಿ ದುಡಿಯುವವರ ಬಾಯಿ ಮುಚ್ಚಿಸಲು ಬಳಸುವುದು ನಡೆದೇ ಇದೆ. ಆ ಮಾತನ್ನು ಆಡಿದವರ ಬದುಕು ಹಾಗಿರಲಿಲ್ಲ. ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಡೆದವಳು ಹೆಂಡತಿ ಲಕ್ಕಮ್ಮ. ಕಡಿಮೆ ಕೂಲಿಗೆ ತೃಪ್ತಿಪಡು ಎಂಬ ಉಪದೇಶ ಅದರಲ್ಲಿಲ್ಲ; ತಮ್ಮ ದುಡಿಮೆಯ ಅಳತೆ ತಮ್ಮ ಕೈಯಲ್ಲೇ ಇರಬೇಕೆಂಬ ಹಟವಿದೆ. ಗಂಡ ಹೆಂಡತಿ ಇಬ್ಬರೂ ವಚನಕಾರರು. ಕಾಯಕ, ಸಂಸಾರ, ದೇವರು ಮೂರೂ ಒಂದೇ ಜಗಲಿಯ ಮೇಲೆ ಕೂತು ವಾದಿಸಿದ ಇಂಥ ಉದಾಹರಣೆ ಅಪರೂಪ. ಹಗ್ಗ ಹೊಸೆದವನು, ದೋಣಿ ನಡೆಸಿದವನು ಕಸುಬಿನ ಹೆಸರಿನಿಂದಲೇ ಎಂಟು ಶತಮಾನ ದಾಟಿ ಬಂದಿದ್ದಾರೆ. ಹೆಸರು ವ್ಯರ್ಥವೆಂದು ಶರಣರು ನಿಜವಾಗಿ ನಂಬಿದ್ದರೆ ಪ್ರತಿ ವಚನಕ್ಕೂ ಅಂಕಿತ ಹಾಕುತ್ತಿರಲಿಲ್ಲ, ದೇವರ ಹೆಸರಿನಲ್ಲಾದರೂ.

ಇನ್ನೊಂದು ಆಕ್ಷೇಪವನ್ನು ನಾನೇ ಎತ್ತಬೇಕು, ಏಕೆಂದರೆ ಈ ಬಗೆಯ ಬರಹಕ್ಕೆ ಅಂಟುವ ರೋಗ ಅದು. ಸತ್ತ ಕೂಲಿಯವನನ್ನೆಲ್ಲ ಸಂತನಾಗಿಸಿದರೆ ಅದೂ ಒಂದು ಬಗೆಯ ಮರೆವು. ಕುಡಿದು ಹೆಂಡತಿಗೆ ಹೊಡೆದವರಿದ್ದಾರೆ, ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟು ಹೋದವರಿದ್ದಾರೆ, ತೂಗುಗುಂಡು ಹಿಡಿಯದೆ ಕಣ್ಣಂದಾಜಿನಲ್ಲಿ ಗೋಡೆ ಏರಿಸಿದವರೂ ಇದ್ದಾರೆ. ಸಂಸಾರಸ್ಥ ಎಂದು ಹೊಗಳುವಾಗ ಅದೇ ಸೈಟಿನಲ್ಲಿ ಬಾಂಡ್ಲಿ ಹೊತ್ತು, ಅವನಿಗಿಂತ ಕಡಿಮೆ ಕೂಲಿ ಪಡೆದು, ಸಂಜೆ ಶೆಡ್ಡಿನಲ್ಲಿ ಒಲೆ ಹಚ್ಚಿದ ಹೆಂಡತಿ ಆ ಹೊಗಳಿಕೆಯಲ್ಲಿ ಕರಗಿಹೋಗುತ್ತಾಳೆ. ಆಕ್ಷೇಪ ನ್ಯಾಯವಾದದ್ದು, ಆದರೆ ಅದು ನೆನೆಯುವುದನ್ನು ಬಿಡಲು ಹೇಳುವುದಿಲ್ಲ, ಸರಿಯಾಗಿ ನೆನೆಯಲು ಹೇಳುತ್ತದೆ. ಈ ವಿಷಯದಲ್ಲಿ ಪಂಡಿತರಿಗಿಂತ ನಮ್ಮ ಹಳ್ಳಿಗಳು ಮುಂದಿವೆ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಅನೇಕ ಮನೆಗಳಲ್ಲಿ ಸತ್ತವನಿಗೆ ಇಷ್ಟವಿದ್ದ ತಿಂಡಿಯ ಪಕ್ಕ ಅವನು ಸೇದುತ್ತಿದ್ದ ಬೀಡಿ, ಕುಡಿಯುತ್ತಿದ್ದ ಹೆಂಡವನ್ನೂ ಇಡುತ್ತಾರೆ. ಅಲ್ಲಿ ಕರೆಸಿಕೊಳ್ಳುವುದು ಇದ್ದ ಮನುಷ್ಯನನ್ನೇ, ತಿದ್ದಿದ ಮನುಷ್ಯನನ್ನಲ್ಲ. ಲೋಪ ಹೇಳಿದರೆ ಗೌರವ ಕಡಿಮೆಯಾದೀತೆಂದು ಅಂಜುವ ನಮ್ಮ ಶ್ರದ್ಧಾಂಜಲಿ ಭಾಷಣಗಳು ಆ ಎಡೆಯಿಂದ ಕಲಿಯಬೇಕಾದ್ದು ಬಹಳವಿದೆ.

ಆದರೆ ಆ ಎಡೆಯಲ್ಲೂ ಒಂದು ವಸ್ತುವಿನ ಕೊರತೆಯುಂಟು. ಅವನ ಕರಣೆ, ರಸಮಟ್ಟ, ತೂಗುಗುಂಡುಗಳಿಗೆ ಅರಿಸಿನ ಕುಂಕುಮ ಸಿಗುವುದು ಒಂಬತ್ತು ದಿನದ ಬಳಿಕ, ಮಹಾನವಮಿಯ ಆಯುಧಪೂಜೆಯಲ್ಲಿ. ಸತ್ತ ಅಪ್ಪನಿಗೆ ಒಂದು ಹಬ್ಬ, ಅವನು ಹಿಡಿದ ಹತಾರಕ್ಕೆ ಇನ್ನೊಂದು. ಎರಡೂ ಭೇಟಿಯಾಗುವ ದಿನ ಪಂಚಾಂಗದಲ್ಲಿಲ್ಲ. ಶ್ರಾದ್ಧದ ವಿಧಿಯೂ ಅವನನ್ನು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ಮೆಟ್ಟಿಲಲ್ಲಿ ಗುರುತಿಸುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ಅವನ ಸೂರಿನಡಿ ಉಂಡು ಮಲಗಿದ ಅಪರಿಚಿತರಿಗೆ ಅಲ್ಲಿ ಪಾತ್ರವಿಲ್ಲ. ತರ್ಪಣದ ಕೊನೆಗೆ ಯಾರೂ ಇಲ್ಲದವರಿಗೆಂದು ನೀರು ಬಿಡುವ ಪದ್ಧತಿಯೊಂದಿದೆ. ರಕ್ತಸಂಬಂಧವನ್ನು ಮೀರಿಯೂ ಸತ್ತವರ ಋಣ ಇರಬಲ್ಲದೆಂದು ಪರಂಪರೆಯೇ ಒಪ್ಪಿಕೊಂಡದ್ದರ ಗುರುತು ಅದು. ಗೃಹಪ್ರವೇಶದಲ್ಲಿ ಮೇಸ್ತ್ರಿಗೆ ಫಲತಾಂಬೂಲ, ಹೊಸಬಟ್ಟೆ ಕೊಟ್ಟು ಕಳಿಸುವ ವಾಡಿಕೆ ಇನ್ನೊಂದು ಗುರುತು. ಆ ದಿನವಾದರೂ ಮನೆಯವರು ಮತ್ತು ಮನೆ ಕಟ್ಟಿದವನು ಮುಖಾಮುಖಿಯಾಗುತ್ತಿದ್ದರು. ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ಅದೂ ತಪ್ಪಿದೆ. ಕೀಲಿ ಕೈಗೆ ಬರುವ ಹೊತ್ತಿಗೆ ಕೆಲಸದವರು ಶೆಡ್ಡು ಕಿತ್ತು ಮುಂದಿನ ಸೈಟಿಗೆ ಹೋಗಿಯಾಗಿರುತ್ತದೆ. ಕಟ್ಟಡದ ಬಾಗಿಲಲ್ಲಿ ಅವರೆಲ್ಲರ ಹೆಸರಿನ ಫಲಕ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ನಾನು ವಿರೋಧಿಸುವುದಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರುಗಳು ಇದ್ದೇ ಇರುತ್ತವೆ. ಆದರೆ ಮಲ್ಲಿತಮ್ಮನ ಸಹಿಗಳು ತೋರಿಸಿಕೊಟ್ಟಂತೆ ಹೆಸರು ಆರಂಭವಷ್ಟೇ.

ಕೆಲಸ ತಿಳಿದವನಿಗಷ್ಟೇ ನೆನಪು ಸಾಧ್ಯವೆಂಬ ಮಾತು ಸರಿಯಾಗಿದ್ದರೆ ಅದರಿಂದ ಒಂದು ಪರಿಣಾಮ ಹೊರಡುತ್ತದೆ, ಅದು ಸತ್ತವನಲ್ಲಿಗೇ ನಿಲ್ಲುವುದಿಲ್ಲ. ಕವರ್ ಬ್ಲಾಕ್ ಏನೆಂದು, ಕ್ಯೂರಿಂಗ್ ಏಕೆಂದು, ಎತ್ತರದಲ್ಲಿ ನಿಂತು ಗೋಡೆ ಬಳಿಯುವವನು ಏನನ್ನು ಹಿಡಿದುಕೊಂಡಿರುತ್ತಾನೆಂದು ಒಮ್ಮೆ ತಿಳಿದವರ ಕಣ್ಣಿ‌ಗೆ ತಮ್ಮ ಮನೆಯಲ್ಲಿ ಬಾರದೆ ಹೋದ ಬಿರುಕು ಮಾತ್ರ ಕಂಡು ಬೀದಿಯಾಚೆಯ ಹೊಸ ಕಟ್ಟಡದಲ್ಲಿ ಇಲ್ಲದ್ದು ಕಾಣದಿರಲು ಆಗದು. ಸಾರ್ವೆಗೆ ಬಲೆಯಿಲ್ಲ, ಸೊಂಟಕ್ಕೆ ಬೆಲ್ಟಿಲ್ಲ. 1996ರ ಅದೇ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಅವರ ಮಕ್ಕಳಿಗೆ ಶಿಶುವಿಹಾರ ಇರಲೇಬೇಕೆಂದು ಹೇಳಿತ್ತು. ಮರಳಿನ ಗುಡ್ಡೆಯ ಪಕ್ಕ ಸೀರೆಯ ಜೋಲಿಯಲ್ಲಿ ಮಲಗಿದ ಕೂಸನ್ನು ನೋಡಿದವರು ಅಲ್ಲಿ ಇರಬೇಕಾದ ಆ ಕೋಣೆ ಇಲ್ಲದಿರುವುದನ್ನೂ ನೋಡಬೇಕು, ನೋಡಿ ಸೈಟಿನ ಮೇಲ್ವಿಚಾರಕನನ್ನು ಕೇಳಬೇಕು.